ಮೈಎಸ್‌ಕ್ಯೂಎಲ್‌ನಿಂದ ಪೋಸ್ಟ್‌ಗ್ರೆಸ್‌ಗೆ: ಪಿಜಿಲೋಡರ್‌ನ ಲೋಡ್ ಫೈಲಿನಲ್ಲಿ ಏನೇನು ಬರೆಯಬೇಕು

ಮೈಎಸ್‌ಕ್ಯೂಎಲ್‌ನಲ್ಲಿ ವರ್ಷಗಟ್ಟಲೆ ಬೆಳೆದ ಡೇಟಾಬೇಸನ್ನು ಪೋಸ್ಟ್‌ಗ್ರೆಸ್‌ಗೆ ಸಾಗಿಸಬೇಕು ಅಂದಾಗ ಮೊದಲು ಹೊಳೆಯುವ ಉಪಾಯ ಡಂಪ್ (ಡೇಟಾಬೇಸಿನ ಪಠ್ಯರೂಪದ ನಕಲು) ತೆಗೆದು, ಸೆಡ್ ಎಂಬ ಪಠ್ಯ ತಿದ್ದುವ ಕಮಾಂಡಿನಲ್ಲಿ ತಿದ್ದಿ, ಅತ್ತ ಕಡೆ ತುಂಬುವುದು. ಹತ್ತು ಟೇಬಲ್ ಇದ್ದರೆ ಅದೂ ನಡೆದೀತು. ಆದರೆ ಬ್ಯಾಕ್‌ಟಿಕ್, ಆಟೋ ಇನ್‌ಕ್ರಿಮೆಂಟ್, ಎಸ್ಕೇಪ್ ಆದ ಕೋಟ್, ಸೊನ್ನೆ ತಾರೀಕು ಎಂದು ಒಂದೊಂದನ್ನೇ ತಿದ್ದುತ್ತ ಹೋದರೆ ಆ ಸ್ಕ್ರಿಪ್ಟನ್ನು ಸಾಕುವುದೇ ಒಂದು ಕೆಲಸವಾಗುತ್ತದೆ. ಪಿಜಿಲೋಡರ್ ಇರುವುದು ಇದಕ್ಕಾಗಿಯೇ. ದಿಮಿತ್ರಿ ಫಾಂಟೇನ್ ಬರೆದ, ಕಾಮನ್ ಲಿಸ್ಪ್‌ನಲ್ಲಿರುವ ಓಪನ್ ಸೋರ್ಸ್ ಸಾಧನ ಇದು. ಮೂಲದ ಸ್ಕೀಮಾವನ್ನು (ಟೇಬಲ್, ಕಾಲಂಗಳ ವಿನ್ಯಾಸ) ತಾನೇ ಓದಿಕೊಂಡು ಪೋಸ್ಟ್‌ಗ್ರೆಸ್‌ನಲ್ಲಿ ಟೇಬಲ್ ಕಟ್ಟುತ್ತದೆ, ಕಾಪಿ ಕಮಾಂಡಿನ ಮೂಲಕ ಡೇಟಾ ಸುರಿಯುತ್ತದೆ, ಆಮೇಲೆ ಇಂಡೆಕ್ಸ್, ಫಾರಿನ್ ಕೀ, ಸೀಕ್ವೆನ್ಸ್ (ಮುಂದಿನ ಐಡಿ ಸಂಖ್ಯೆ ಕೊಡುವ ಎಣಿಕೆ) ಎಲ್ಲವನ್ನೂ ಹೊಂದಿಸುತ್ತದೆ.

ಎರಡು ವಿಳಾಸ ಕೊಟ್ಟರೆ ಒಂದೇ ಸಾಲಿನ ಕಮಾಂಡಿನಲ್ಲೂ ಇದು ಓಡುತ್ತದೆ. ನನ್ನ ಪ್ರಕಾರ ಹಾಗೆ ಓಡಿಸುವುದು ಪ್ರಯೋಗಕ್ಕೆ ಮಾತ್ರ ಸರಿ. ಏಕೆಂದರೆ ಆಗ ಯಾವ ಟೈಪ್ ಏನಾಗಬೇಕು ಎನ್ನುವ ತೀರ್ಮಾನಗಳೆಲ್ಲ ಪಿಜಿಲೋಡರ್‌ನ ಡೀಫಾಲ್ಟ್ ನಿಯಮಗಳ ಕೈಗೆ ಹೋಗುತ್ತವೆ. ಅವುಗಳಲ್ಲಿ ಒಂದೆರಡು ನಿಯಮಗಳು ಯಾವ ಎರರ್ರೂ ಕೊಡದೆ ನಿಮ್ಮ ಡೇಟಾವನ್ನು ಬದಲಿಸಿಬಿಡುತ್ತವೆ. ಲೋಡ್ ಫೈಲ್ (ಪಿಜಿಲೋಡರ್‌ಗೆ ಕೊಡುವ ಆದೇಶಗಳ ಫೈಲ್) ಬರೆದರೆ ಪ್ರತಿಯೊಂದು ತೀರ್ಮಾನವೂ ಅಕ್ಷರದಲ್ಲಿ ಇರುತ್ತದೆ, ಗಿಟ್‌ನಲ್ಲಿ ಕೂರುತ್ತದೆ, ಹತ್ತು ಸಲ ಓಡಿಸಿದರೂ ಹತ್ತು ಸಲವೂ ಅದೇ ಫಲಿತಾಂಶ ಬರುತ್ತದೆ. ಕೆಳಗೆ ಕೀವರ್ಡ್‌ಗಳನ್ನು ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಫೈಲಿನಲ್ಲಿ ಇಂಗ್ಲಿಷಿನಲ್ಲೇ ಟೈಪ್ ಮಾಡಬೇಕು ಎಂದು ಬೇರೆ ಹೇಳಬೇಕಿಲ್ಲ.

ಮೊದಲ ತಡೆ: ಲಾಗಿನ್

ಹೆಚ್ಚಿನವರು ಸಿಕ್ಕಿಬೀಳುವುದು ಡೇಟಾದಲ್ಲಲ್ಲ, ಬಾಗಿಲಲ್ಲೇ. ಮೈಎಸ್‌ಕ್ಯೂಎಲ್ 8ರಿಂದ ಡೀಫಾಲ್ಟ್ ಲಾಗಿನ್ ವಿಧಾನ ಕ್ಯಾಶಿಂಗ್ ಶಾ2 ಪಾಸ್‌ವರ್ಡ್. ಪಿಜಿಲೋಡರ್ ಒಳಗಿರುವ ಕ್ಯೂಮೈಂಡ್ ಎಂಬ ಲೈಬ್ರರಿಗೆ ಅದು ಬರುವುದಿಲ್ಲ. 'ಅನ್‌ಸಪೋರ್ಟೆಡ್ ಅಥೆಂಟಿಕೇಶನ್' ಎಂದು ಹೇಳಿ ನಿಂತುಬಿಡುತ್ತದೆ. ಪರಿಹಾರ ಇಷ್ಟೆ: ಈ ಕೆಲಸಕ್ಕೆಂದೇ ಮೈಎಸ್‌ಕ್ಯೂಎಲ್ ನೇಟಿವ್ ಪಾಸ್‌ವರ್ಡ್ ಇರುವ, ಸೆಲೆಕ್ಟ್ ಅನುಮತಿ ಮಾತ್ರ ಇರುವ ಬೇರೆ ಯೂಸರ್ ಮಾಡಿ, ಕೆಲಸ ಮುಗಿದ ಮೇಲೆ ಅಳಿಸಿ. 8.4ರಲ್ಲಿ ಆ ಪ್ಲಗಿನ್ ಡೀಫಾಲ್ಟಾಗಿ ಆಫ್ ಇರುತ್ತದೆ, ಸರ್ವರ್ ಕಾನ್ಫಿಗ್‌ನಲ್ಲಿ ಆನ್ ಮಾಡಬೇಕು. 9.0ರಲ್ಲಿ ಅದನ್ನು ತೆಗೆದೇ ಹಾಕಿದ್ದಾರೆ. ಅಲ್ಲಿಂದ ಬರುವವರು ಡಂಪನ್ನು 8.0ರ ಒಂದು ಡಾಕರ್ ಕಂಟೇನರ್‌ಗೆ ಇಳಿಸಿ, ಅಲ್ಲಿಂದ ಸಾಗಿಸುವುದು ಸುಲಭ. ಪ್ರೊಡಕ್ಷನ್ ಬದಲು ನಕಲಿನ ಮೇಲೆ ಕೆಲಸ ಮಾಡಿದಂತೆಯೂ ಆಯಿತು.

ಅತ್ತ ಪೋಸ್ಟ್‌ಗ್ರೆಸ್ ಬಾಗಿಲಲ್ಲಿ ಇನ್ನೊಂದು ತಡೆಯಿದೆ. ಪೋಸ್ಟ್‌ಗ್ರೆಸ್ 14ರಿಂದ ಪಾಸ್‌ವರ್ಡ್‌ಗಳು ಡೀಫಾಲ್ಟಾಗಿ ಸ್ಕ್ರ್ಯಾಮ್-ಶಾ-256 ರೂಪದಲ್ಲಿರುತ್ತವೆ. ಪಿಜಿಲೋಡರ್ ಹಳೆಯದಾಗಿದ್ದರೆ '10 ಫೆಲ್ ಥ್ರೂ ಇಕೇಸ್ ಎಕ್ಸ್‌ಪ್ರೆಶನ್' ಎಂಬ ತಲೆಬುಡ ತಿಳಿಯದ ಎರರ್ ಬರುತ್ತದೆ. ಆ 10 ಎಂದರೆ ಪೋಸ್ಟ್‌ಗ್ರೆಸ್ ಕೇಳಿದ ಲಾಗಿನ್ ವಿಧಾನದ ಸಂಖ್ಯೆ. ಸರ್ವರ್‌ನ ಭದ್ರತೆ ಇಳಿಸಲು ಹೋಗಬೇಡಿ, ಪಿಜಿಲೋಡರನ್ನೇ ಹೊಸದು ಮಾಡಿಕೊಳ್ಳಿ.

ಪಾಸ್‌ವರ್ಡಿನಲ್ಲಿ @ ಇದ್ದರೆ ವಿಳಾಸದ ಸಾಲಿನಲ್ಲಿ ಅದನ್ನು @@ ಎಂದು ಎರಡು ಸಲ ಬರೆಯಬೇಕು. ಅದಕ್ಕಿಂತ ಪಾಸ್‌ವರ್ಡನ್ನು ಫೈಲಿನಲ್ಲಿ ಬರೆಯದಿರುವುದೇ ಲೇಸು: ಲೋಡ್ ಫೈಲಿನಲ್ಲಿ ಜೋಡಿ ಹೂವಿನ ಆವರಣದೊಳಗೆ ಒಂದು ಹೆಸರಿಟ್ಟರೆ ಪಿಜಿಲೋಡರ್ ಅದನ್ನು ಎನ್ವಿರಾನ್‌ಮೆಂಟ್ ವೇರಿಯಬಲ್‌ನಿಂದಲೋ, ಕಾಂಟೆಕ್ಸ್ಟ್ ಆಯ್ಕೆಯಲ್ಲಿ ಕೊಟ್ಟ ಐಎನ್‌ಐ ಫೈಲಿನಿಂದಲೋ ತುಂಬಿಕೊಳ್ಳುತ್ತದೆ. ಟೆಸ್ಟ್ ಮತ್ತು ಪ್ರೊಡಕ್ಷನ್‌ಗೆ ಲೋಡ್ ಫೈಲ್ ಒಂದೇ, ಐಎನ್‌ಐ ಮಾತ್ರ ಬೇರೆ. ಡ್ರೈ ರನ್ ಆಯ್ಕೆ ಎರಡೂ ಕಡೆಯ ಕನೆಕ್ಷನ್ ಸರಿಯಿದೆಯೇ ಎಂದಷ್ಟೇ ನೋಡುತ್ತದೆ. ಅದು ಪಾಸಾದರೆ ಡೇಟಾವೂ ಸರಿಯಿದೆ ಎಂದು ಭಾವಿಸಬೇಡಿ.

ಫೈಲಿನ ಚೌಕಟ್ಟು

ಶುರು 'ಲೋಡ್ ಡೇಟಾಬೇಸ್' ಎಂದು. ಆಮೇಲೆ 'ಫ್ರಮ್' ಮೈಎಸ್‌ಕ್ಯೂಎಲ್ ವಿಳಾಸ, 'ಇನ್‌ಟು' ಪೋಸ್ಟ್‌ಗ್ರೆಸ್ ವಿಳಾಸ. 'ವಿತ್' ಭಾಗದಲ್ಲಿ ಆಯ್ಕೆಗಳು, 'ಸೆಟ್' ಭಾಗದಲ್ಲಿ ಎರಡೂ ಸರ್ವರ್‌ಗಳ ಸೆಶನ್ ಸೆಟ್ಟಿಂಗ್‌ಗಳು, 'ಕಾಸ್ಟ್' ಭಾಗದಲ್ಲಿ ಟೈಪ್ ನಿಯಮಗಳು, ಬೇಕಾದರೆ ಯಾವ ಟೇಬಲ್ ಬೇಕು, ಯಾವುದು ಬೇಡ ಎಂಬ ಪಟ್ಟಿ, ಕೊನೆಗೆ ಲೋಡಿಗೆ ಮುಂಚೆ ಮತ್ತು ನಂತರ ಓಡಬೇಕಾದ ಎಸ್‌ಕ್ಯೂಎಲ್, ಅದು $$ ಮತ್ತು $$ ನಡುವೆ. ಕೊನೆಯಲ್ಲಿ ಸೆಮಿಕೋಲನ್. 'ವಿತ್' ಮತ್ತು 'ಕಾಸ್ಟ್' ಒಳಗಿನ ಪ್ರತಿ ಐಟಂ ನಡುವೆ ಅಲ್ಪವಿರಾಮ ಬೇಕು, ಕೊನೆಯದರ ನಂತರ ಇರಬಾರದು. ಪಾರ್ಸರ್ ಎರರ್ ಬಂದರೆ ಅದು ತೋರಿಸುವ ಜಾಗವನ್ನಷ್ಟೇ ನೋಡದೆ ಅದಕ್ಕಿಂತ ಮೇಲಿನ ಸಾಲಿನ ಅಲ್ಪವಿರಾಮವನ್ನೂ ನೋಡಿ.

'ವಿತ್' ಆಯ್ಕೆಗಳಲ್ಲಿ ಎಚ್ಚರ ಬೇಕಾದದ್ದು 'ಇನ್‌ಕ್ಲೂಡ್ ಡ್ರಾಪ್'. ಇದು ಗುರಿಯಲ್ಲಿ ಅದೇ ಹೆಸರಿನ ಟೇಬಲ್ ಇದ್ದರೆ ಕ್ಯಾಸ್ಕೇಡ್ ಸಮೇತ ಅಳಿಸುತ್ತದೆ, ಅಂದರೆ ಅದನ್ನು ನೆಚ್ಚಿದ ವ್ಯೂಗಳೂ ಹೋಗುತ್ತವೆ. ಖಾಲಿ ಡೇಟಾಬೇಸಿಗೆ ಪದೇ ಪದೇ ತಾಲೀಮು ನಡೆಸುವಾಗ ಬಹಳ ಅನುಕೂಲ. ಬೇರೆ ಆ್ಯಪ್ ಇರುವ ಡೇಟಾಬೇಸಿನಲ್ಲಿ ಇದನ್ನು ಬಳಸಲೇಬೇಡಿ.

ಟೇಬಲ್‌ಗಳನ್ನು ಜ್ಯಾಂಗೊ ಅಥವಾ ರೇಲ್ಸ್‌ನಂಥ ವೆಬ್ ಫ್ರೇಮ್‌ವರ್ಕಿನ ಮೈಗ್ರೇಶನ್‌ಗಳೇ (ಟೇಬಲ್ ಕಟ್ಟುವ ಸ್ಕ್ರಿಪ್ಟ್‌ಗಳು) ಕಟ್ಟಬೇಕು ಎಂದಿದ್ದರೆ ದಾರಿ ಬೇರೆ: ಮೊದಲು ಫ್ರೇಮ್‌ವರ್ಕ್‌ನಿಂದ ಖಾಲಿ ಟೇಬಲ್‌ಗಳನ್ನು ಮಾಡಿಸಿ, ಫೈಲಿನಲ್ಲಿ 'ಡೇಟಾ ಓನ್ಲಿ', 'ಟ್ರಂಕೇಟ್', 'ರೀಸೆಟ್ ಸೀಕ್ವೆನ್ಸಸ್' ಬರೆದು, ಮೈಗ್ರೇಶನ್ ದಾಖಲೆಯ ಟೇಬಲನ್ನು ಎಕ್ಸ್‌ಕ್ಲೂಡ್ ಪಟ್ಟಿಗೆ ಸೇರಿಸಿ. ಫಾರಿನ್ ಕೀ ಅಡ್ಡ ಬರುವುದರಿಂದ 'ಡಿಸೇಬಲ್ ಟ್ರಿಗರ್ಸ್' ಕೂಡ ಬೇಕಾಗುತ್ತದೆ, ಅದಕ್ಕೆ ಸೂಪರ್‌ಯೂಸರ್ ಅಧಿಕಾರ ಬೇಕು. ಸೀಕ್ವೆನ್ಸ್ ರೀಸೆಟ್ ಮರೆತರೆ ಲೋಡ್ ಸಲೀಸಾಗಿ ಮುಗಿಯುತ್ತದೆ. ಆ್ಯಪ್ ಮೊದಲ ಹೊಸ ಸಾಲು ಸೇರಿಸಲು ಹೋದಾಗ 'ಡೂಪ್ಲಿಕೇಟ್ ಕೀ' ಎಂದು ಬೀಳುತ್ತದೆ.

ಹೆಸರುಗಳ ವಿಷಯ. ಪಿಜಿಲೋಡರ್ ಡೀಫಾಲ್ಟಾಗಿ ಎಲ್ಲ ಟೇಬಲ್, ಕಾಲಂ ಹೆಸರುಗಳನ್ನು ಸಣ್ಣಕ್ಷರಕ್ಕೆ ಇಳಿಸುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಬದುಕಲು ಅದೇ ಒಳ್ಳೆಯದು. ಆದರೆ ಹೆಸರುಗಳನ್ನು ಕೋಟ್ ಒಳಗೆ ಹಾಕಿ ಕಳಿಸುವ ಓಆರ್‌ಎಂ (ಆ್ಯಪ್‌ನ ಕೋಡಿನಿಂದ ಎಸ್‌ಕ್ಯೂಎಲ್ ತಯಾರಿಸುವ ಲೈಬ್ರರಿ) ಬಳಸುತ್ತಿದ್ದರೆ 'ಕೋಟ್ ಐಡೆಂಟಿಫೈಯರ್ಸ್' ಬೇಕು. ಇನ್ನು ಟೇಬಲ್‌ಗಳು ಹೋಗಿ ಕೂರುವುದು ಪಬ್ಲಿಕ್ ಸ್ಕೀಮಾದಲ್ಲಲ್ಲ (ಪೋಸ್ಟ್‌ಗ್ರೆಸ್‌ನಲ್ಲಿ ಸ್ಕೀಮಾ ಎಂದರೆ ಟೇಬಲ್‌ಗಳನ್ನು ಇಡುವ ವಿಭಾಗವೂ ಹೌದು), ಮೈಎಸ್‌ಕ್ಯೂಎಲ್ ಡೇಟಾಬೇಸಿನ ಹೆಸರಿನದೇ ಒಂದು ಸ್ಕೀಮಾದಲ್ಲಿ. 'ಟೇಬಲ್ಲೇ ಬಂದಿಲ್ಲ' ಎಂಬ ಗಾಬರಿಗೆ ಬಹುಪಾಲು ಇದೇ ಕಾರಣ. ಫೈಲಿನಲ್ಲಿ 'ಆಲ್ಟರ್ ಸ್ಕೀಮಾ ... ರಿನೇಮ್ ಟು ಪಬ್ಲಿಕ್' ಎಂದು ಒಂದು ಸಾಲು ಸೇರಿಸಿದರೆ ತೀರಿತು.

ಸದ್ದಿಲ್ಲದೆ ಬದಲಾಗುವ ಡೇಟಾ

ಇಡೀ ಫೈಲಿನಲ್ಲಿ ಹೆಚ್ಚು ಹೊತ್ತು ಕೊಡಬೇಕಾದ ಭಾಗ 'ಕಾಸ್ಟ್'. ಅದರಲ್ಲೂ ಮೊದಲನೆಯದು ಟೈನಿಇಂಟ್(1). ಮೈಎಸ್‌ಕ್ಯೂಎಲ್‌ನಲ್ಲಿ ನಿಜವಾದ ಬೂಲಿಯನ್ ಇಲ್ಲದ್ದರಿಂದ ಎಲ್ಲರೂ ಇದನ್ನೇ ಬಳಸುತ್ತಾರೆ, ಪಿಜಿಲೋಡರ್ ಕೂಡ ಹಾಗೇ ನಂಬಿ ಇದನ್ನು ಬೂಲಿಯನ್ ಮಾಡುತ್ತದೆ: 0 ಇದ್ದರೆ ಫಾಲ್ಸ್, ಬೇರೆ ಏನಿದ್ದರೂ ಟ್ರೂ. ಈಗ ಆರ್ಡರ್ ಟೇಬಲಿನ ಸ್ಟೇಟಸ್ ಕಾಲಂ ಟೈನಿಇಂಟ್(1) ಆಗಿದ್ದು, 0 ಎಂದರೆ ಹೊಸದು, 1 ಹಣ ಬಂದಿದೆ, 2 ಕಳಿಸಿದೆ, 3 ರದ್ದು ಎಂದಿದ್ದರೆ? 1, 2, 3 ಮೂರೂ ಟ್ರೂ. ರದ್ದಾದ ಆರ್ಡರಿಗೂ ಹಣ ಬಂದ ಆರ್ಡರಿಗೂ ವ್ಯತ್ಯಾಸವೇ ಉಳಿಯುವುದಿಲ್ಲ. ಎರರ್ ಸೊನ್ನೆ, ಸಾಲುಗಳ ಎಣಿಕೆ ಸರಿ, ರಿಪೋರ್ಟ್ ಹಸಿರು.

ಆದ್ದರಿಂದ ಫೈಲ್ ಬರೆಯುವ ಮುಂಚೆ ಮೈಎಸ್‌ಕ್ಯೂಎಲ್‌ನ ಇನ್ಫರ್ಮೇಶನ್ ಸ್ಕೀಮಾದಿಂದ (ಟೇಬಲ್, ಕಾಲಂಗಳ ವಿವರ ಇರುವ ಜಾಗ) ಎಲ್ಲ ಟೈನಿಇಂಟ್(1) ಕಾಲಂಗಳ ಪಟ್ಟಿ ತೆಗೆದು, ಒಂದೊಂದರಲ್ಲೂ 0, 1 ಬಿಟ್ಟು ಬೇರೆ ಬೆಲೆ ಇದೆಯೇ ನೋಡಿ. ನನ್ನ ಒಲವು 'ಟೈಪ್ ಟೈನಿಇಂಟ್ ಟು ಸ್ಮಾಲ್‌ಇಂಟ್ ಡ್ರಾಪ್ ಟೈಪ್‌ಮಾಡ್' (ಟೈಪ್‌ಮಾಡ್ ಎಂದರೆ ಆವರಣದೊಳಗಿನ ಆ 1ರಂಥ ಅಂಕಿ) ಎಂಬ ಸಾಮಾನ್ಯ ನಿಯಮ ಬರೆದು, ಬೂಲಿಯನ್ ಎಂದು ಖಾತ್ರಿಯಾದ ಕಾಲಂಗಳಿಗೆ ಮಾತ್ರ ಹೆಸರು ಹಿಡಿದು ನಿಯಮ ಕೊಡುವುದು. ನೀವು ಬರೆದ ನಿಯಮಗಳು ಡೀಫಾಲ್ಟ್‌ಗಳಿಗಿಂತ ಮೊದಲು ಅನ್ವಯವಾಗುತ್ತವೆ. ನಿಮ್ಮವುಗಳಲ್ಲೂ ಕಾಲಂ ಹೆಸರಿನವು ಮೇಲಿರಲಿ, ಟೈಪ್‌ನವು ಕೆಳಗಿರಲಿ.

ಎರಡನೆಯದು ಸಮಯ. ಪಿಜಿಲೋಡರ್ ಡೇಟ್‌ಟೈಮ್ ಕಾಲಂಗಳನ್ನು ಟೈಮ್‌ಝೋನ್ ಇರುವ ಟೈಮ್‌ಸ್ಟ್ಯಾಂಪ್ ಮಾಡುತ್ತದೆ. ಮೈಎಸ್‌ಕ್ಯೂಎಲ್‌ನ ಡೇಟ್‌ಟೈಮ್‌ಗೆ ಝೋನ್ ಇಲ್ಲ, ಬರೆದದ್ದು ಬರೆದಂತೆ ಇರುತ್ತದೆ. ಬೆಳಿಗ್ಗೆ 10 ಗಂಟೆ ಎಂದು ಇದ್ದದ್ದು ಯುಟಿಸಿಯಲ್ಲಿರುವ ಪೋಸ್ಟ್‌ಗ್ರೆಸ್ ಸೆಶನ್ನಿಗೆ ಹೋದರೆ ಯುಟಿಸಿ 10 ಗಂಟೆ ಎಂದಾಗಿ, ಭಾರತದ ಸಮಯದಲ್ಲಿ ನೋಡಿದಾಗ ಮಧ್ಯಾಹ್ನ 3.30 ತೋರಿಸುತ್ತದೆ. ಹೀಗಾಗದಂತೆ 'ಸೆಟ್ ಪೋಸ್ಟ್‌ಗ್ರೆಸ್‌ಕ್ಯೂಎಲ್ ಪ್ಯಾರಾಮೀಟರ್ಸ್' ಭಾಗದಲ್ಲಿ ಟೈಮ್‌ಝೋನ್ ಏಷ್ಯಾ/ಕೋಲ್ಕತಾ ಎಂದು ಬರೆಯಿರಿ. ಇಲ್ಲಿಗೆ ಅರ್ಧ ಕೆಲಸವಾಯಿತು. ಅದೇ ಡೇಟಾಬೇಸಿನಲ್ಲಿ ಮೈಎಸ್‌ಕ್ಯೂಎಲ್‌ನ ಟೈಮ್‌ಸ್ಟ್ಯಾಂಪ್ ಕಾಲಂಗಳೂ ಇರುತ್ತವೆ. ಅವು ಒಳಗೆ ಯುಟಿಸಿಯಲ್ಲಿದ್ದು, ಓದುವ ಸೆಶನ್ನಿನ ಝೋನಿಗೆ ತಕ್ಕಂತೆ ಬದಲಾಗಿ ಹೊರಬರುತ್ತವೆ. ಹಾಗಾಗಿ 'ಸೆಟ್ ಮೈಎಸ್‌ಕ್ಯೂಎಲ್ ಪ್ಯಾರಾಮೀಟರ್ಸ್' ಭಾಗದಲ್ಲೂ ಟೈಮ್ ಝೋನ್ +05:30 ಎಂದು ಕೊಡಬೇಕು. ಅಲ್ಲಿ ಊರಿನ ಹೆಸರು ಬೇಡ. ಝೋನ್ ಟೇಬಲ್‌ಗಳನ್ನು ತುಂಬಿಸದ ಮೈಎಸ್‌ಕ್ಯೂಎಲ್‌ಗೆ ಹೆಸರು ತಿಳಿಯುವುದಿಲ್ಲ, ಅಂಕಿ ತಿಳಿಯುತ್ತದೆ. ಮೈಎಸ್‌ಕ್ಯೂಎಲ್ ಸೆಶನ್ ಯುಟಿಸಿಯಲ್ಲಿದ್ದು ಈ ಎರಡನೆಯದನ್ನು ಬಿಟ್ಟರೆ ಕೆಲವು ಕಾಲಂ ಸರಿ, ಕೆಲವು ಐದೂವರೆ ಗಂಟೆ ಆಚೀಚೆ ಎಂಬ ಸ್ಥಿತಿ ಬರುತ್ತದೆ. ಎಲ್ಲವೂ ತಪ್ಪಾಗಿದ್ದರೆ ಕೂಡಲೇ ಕಣ್ಣಿಗೆ ಬೀಳುತ್ತದೆ, ಹೀಗೆ ಅರ್ಧ ತಪ್ಪಾದದ್ದು ತಿಂಗಳ ಲೆಕ್ಕ ತಾಳೆಯಾಗದಾಗ ಗೊತ್ತಾಗುತ್ತದೆ.

0000-00-00 ಎಂಬ ಸೊನ್ನೆ ತಾರೀಕು ಹೆಸರುವಾಸಿ ತೊಂದರೆ, ಆದರೆ ಇದು ಬಾಯಿ ಬಿಟ್ಟು ಕೂಗುವಂಥದ್ದು, ಅಷ್ಟು ಅಪಾಯವಿಲ್ಲ. ಕಾಲಮ್ಮಿನ ಡೀಫಾಲ್ಟೇ ಸೊನ್ನೆ ತಾರೀಕಾಗಿದ್ದರೆ ಪಿಜಿಲೋಡರ್ ತಾನೇ ನಾಟ್ ನಲ್ ತೆಗೆದು ನಲ್ ಮಾಡುತ್ತದೆ. ಡೀಫಾಲ್ಟ್ ಬೇರೆ ಇದ್ದು, ಹಳೆಯ ಸಾಲುಗಳಲ್ಲಿ ಮಾತ್ರ ಸೊನ್ನೆ ಇದ್ದರೆ ನಾಟ್ ನಲ್ ತಕರಾರು ಬರುತ್ತದೆ. ಅಂಥ ಕಾಲಂಗೆ 'ಡ್ರಾಪ್ ಡೀಫಾಲ್ಟ್ ಡ್ರಾಪ್ ನಾಟ್ ನಲ್ ಯೂಸಿಂಗ್ ಝೀರೋ-ಡೇಟ್ಸ್-ಟು-ನಲ್' ಎಂಬ ನಿಯಮ ಬರೆಯಿರಿ. 2015-00-00 ರೀತಿಯ ಅರೆ ತಾರೀಕುಗಳಿದ್ದರೆ, ವರ್ಷ ನಿಮಗೆ ಮುಖ್ಯವೆನಿಸಿದರೆ, ಸಾಗಿಸುವ ಮೊದಲೇ ಬೇರೆ ಕಾಲಂಗೆ ತೆಗೆದಿಡಿ. ಪೋಸ್ಟ್‌ಗ್ರೆಸ್‌ನ ಡೇಟ್ ಟೈಪಿನಲ್ಲಿ ಅದಕ್ಕೆ ಜಾಗವಿಲ್ಲ.

ಮೂರನೆಯದು ಇಮೇಲ್, ಯೂಸರ್‌ನೇಮ್ ಥರದ ಕಾಲಂಗಳು. ಮೈಎಸ್‌ಕ್ಯೂಎಲ್‌ನಲ್ಲಿ ಕೊನೆಗೆ ಸಿಐ ಎಂದಿರುವ ಕೊಲೇಶನ್‌ಗಳಲ್ಲಿ (ಅಕ್ಷರಗಳನ್ನು ಹೋಲಿಸುವ, ಕ್ರಮದಲ್ಲಿಡುವ ನಿಯಮಗಳು) ದೊಡ್ಡಕ್ಷರ ಸಣ್ಣಕ್ಷರ ಒಂದೇ. ಪೋಸ್ಟ್‌ಗ್ರೆಸ್‌ನಲ್ಲಿ ಬೇರೆ ಬೇರೆ. ನಿನ್ನೆವರೆಗೆ ದೊಡ್ಡಕ್ಷರದಲ್ಲಿ ಟೈಪ್ ಮಾಡಿ ಲಾಗಿನ್ ಆಗುತ್ತಿದ್ದವರಿಗೆ ಇಂದು ಆಗುವುದಿಲ್ಲ. ಒಂದೇ ಇಮೇಲಿಗೆ ಎರಡು ಖಾತೆಗಳೂ ಹುಟ್ಟಬಹುದು. 'ಬಿಫೋರ್ ಲೋಡ್ ಡೂ' ಭಾಗದಲ್ಲಿ ದೊಡ್ಡಕ್ಷರ ಸಣ್ಣಕ್ಷರ ಒಂದೇ ಎಂದು ನೋಡುವ ಸಿಐಟೆಕ್ಸ್ಟ್ ಎಕ್ಸ್‌ಟೆನ್ಶನ್ ಹಾಕಿಸಿ, ಆ ಕಾಲಂಗಳನ್ನು ಹೆಸರು ಹಿಡಿದು ಸಿಐಟೆಕ್ಸ್ಟ್‌ಗೆ ಕಾಸ್ಟ್ ಮಾಡಿ.

ಕನ್ನಡ ಪಠ್ಯ ಇರುವ ಡೇಟಾಬೇಸ್

ಹಳೆಯ ಪಿಎಚ್‌ಪಿ ಸೈಟುಗಳಲ್ಲಿ ಬೆಳೆದ ಕನ್ನಡ ಡೇಟಾಗೆ ಇದೊಂದು ಬೇರೆಯೇ ಅಧ್ಯಾಯ. ಕನ್ನಡದ ಪ್ರತಿ ಯುನಿಕೋಡ್ ಸಂಕೇತಕ್ಕೂ ಯುಟಿಎಫ್-8ರಲ್ಲಿ 3 ಬೈಟ್ ಬೇಕು. 'ಕ್ಷೇ' ಎಂಬುದು ಕಣ್ಣಿಗೆ ಒಂದಕ್ಷರ, ಒಳಗೆ 4 ಸಂಕೇತ, 12 ಬೈಟ್. ಮೈಎಸ್‌ಕ್ಯೂಎಲ್‌ನ ಹಳೆಯ ಮೂರು ಬೈಟಿನ ಯುಟಿಎಫ್8 ಕನ್ನಡಕ್ಕೆ ಸಾಕು, ಇಮೋಜಿಗೆ ಮಾತ್ರ ಸಾಲದು. ನಿಜವಾದ ತೊಂದರೆ ಲ್ಯಾಟಿನ್1, ಅಂದರೆ ಪಶ್ಚಿಮ ಯುರೋಪಿನ ಭಾಷೆಗಳಿಗೆಂದು ಇರುವ ಒಂದು ಬೈಟಿನ ಹಳೆಯ ಎನ್‌ಕೋಡಿಂಗ್.

ಇದರಲ್ಲಿ ಎರಡು ಬಗೆ, ಹೆಕ್ಸ್ (ಬೈಟ್‌ಗಳನ್ನು ಹದಿನಾರರ ಲೆಕ್ಕದಲ್ಲಿ ತೋರಿಸುವ ರೂಪ) ತೆಗೆದು ನೋಡದೆ ಬೇರ್ಪಡಿಸಲಾಗದು. 'ಕ' ಅಕ್ಷರದ ಸರಿಯಾದ ಬೈಟ್‌ಗಳು ಇ0 ಬಿ2 95. ಕಾಲಂ ಲ್ಯಾಟಿನ್1 ಎಂದಿದ್ದು, ಹೆಕ್ಸ್‌ನಲ್ಲಿ ಇ0ಬಿ295 ಎಂದೇ ಕಂಡರೆ ಬೈಟ್‌ಗಳು ಸರಿಯಿವೆ, ಹಣೆಪಟ್ಟಿ ಮಾತ್ರ ತಪ್ಪು. ಆ ಕಾಲಂ ಅನ್ನು ಮೊದಲು ವಾರ್‌ಬೈನರಿ ಅಥವಾ ಬ್ಲಾಬ್ (ಕಚ್ಚಾ ಬೈಟ್‌ಗಳ ಟೈಪ್‌ಗಳು) ಮಾಡಿ, ಆಮೇಲೆ ಯುಟಿಎಫ್8ಎಂಬಿ4 ವಾರ್‌ಚಾರ್ ಅಥವಾ ಟೆಕ್ಸ್ಟ್ ಮಾಡಿ. ನಡುವಿನ ಬೈನರಿ ಹೆಜ್ಜೆ ಬಿಟ್ಟು ನೇರವಾಗಿ ಬದಲಿಸಿದರೆ ಮೈಎಸ್‌ಕ್ಯೂಎಲ್ ತಾನೇ ಅನುವಾದಕ್ಕೆ ಕೂತು ಎರಡನೆಯ ಬಗೆಯ ತೊಂದರೆ ತಂದಿಡುತ್ತದೆ.

ಎರಡನೆಯ ಬಗೆಯಲ್ಲಿ ಕಾಲಂ ಯುಟಿಎಫ್8 ಇರುತ್ತದೆ, ಆದರೆ ಆ್ಯಪ್ ಲ್ಯಾಟಿನ್1 ಕನೆಕ್ಷನ್ನಿನಲ್ಲಿ ಬರೆದಿರುತ್ತದೆ. ಆಗ 'ಕ' ಎಂಬುದು ಸಿ3ಎ0 ಸಿ2ಬಿ2 ಇ280ಎ2 ಎಂದು ಏಳು ಬೈಟಾಗಿ ಕೂತಿರುತ್ತದೆ. ಇದನ್ನು ಬಿಡಿಸಲು ಲ್ಯಾಟಿನ್1ಗೆ ಕನ್ವರ್ಟ್, ಬೈನರಿಗೆ ಕಾಸ್ಟ್, ಮತ್ತೆ ಯುಟಿಎಫ್8ಎಂಬಿ4ಗೆ ಕನ್ವರ್ಟ್, ಈ ಕ್ರಮದಲ್ಲೇ. ಇದನ್ನು ಮೈಎಸ್‌ಕ್ಯೂಎಲ್ ಒಳಗೇ ಮಾಡಿ, ಹೊರಗೆ ಪೈಥಾನ್‌ನಲ್ಲಿ ಮಾಡಲು ಹೋಗಬೇಡಿ. ಕಾರಣ ಸ್ವಾರಸ್ಯಕರ: ಮೈಎಸ್‌ಕ್ಯೂಎಲ್ ಲ್ಯಾಟಿನ್1 ಎನ್ನುವುದು ವಾಸ್ತವದಲ್ಲಿ ವಿಂಡೋಸ್ 1252. ಆ ಪಟ್ಟಿಯಲ್ಲಿ 81, 8ಡಿ, 8ಎಫ್, 90, 9ಡಿ ಎಂಬ ಐದು ಜಾಗ ಖಾಲಿ. ಮೈಎಸ್‌ಕ್ಯೂಎಲ್ ಖಾಲಿ ಜಾಗಗಳನ್ನೂ ಹಾಗೇ ದಾಟಿಸುತ್ತದೆ, ಪೈಥಾನ್‌ನ 1252 ಕೋಡೆಕ್ ಎರರ್ ಎಸೆಯುತ್ತದೆ. ನಮ್ಮ ಅರ್ಧಾಕ್ಷರದ ಚಿಹ್ನೆಯ ಬೈಟ್‌ಗಳು ಇ0 ಬಿ3 8ಡಿ, ಉಕಾರದ ಕೊಂಬಿನವು ಇ0 ಬಿ3 81. ಒತ್ತಕ್ಷರವೂ ಉಕಾರವೂ ಇಲ್ಲದ ಕನ್ನಡ ವಾಕ್ಯ ಎಲ್ಲಿ ಸಿಗಬೇಕು?

ಇನ್ನೂ ಒಂದು ಜಟಿಲತೆ: ಯಾರೋ ಮಧ್ಯದಲ್ಲಿ ಕನೆಕ್ಷನ್ ಸರಿಪಡಿಸಿರುತ್ತಾರೆ, ಹಳೆಯ ಸಾಲುಗಳು ಕೆಟ್ಟಿರುತ್ತವೆ, ಹೊಸವು ಸರಿಯಿರುತ್ತವೆ. ಸರಿಯಿರುವ ಕನ್ನಡವನ್ನು ಲ್ಯಾಟಿನ್1ಗೆ ಕನ್ವರ್ಟ್ ಮಾಡಿದರೆ ಪ್ರತಿ ಸಂಕೇತವೂ ಪ್ರಶ್ನೆ ಚಿಹ್ನೆಯಾಗುತ್ತದೆ, ಅದನ್ನು ವಾಪಸ್ ತರಲು ಬ್ಯಾಕಪ್ ಬಿಟ್ಟರೆ ದಾರಿಯಿಲ್ಲ. ಹೆಕ್ಸ್‌ನಲ್ಲಿ ಸಿ3ಎ0ಸಿ2ಬಿ2 ಅಥವಾ ಸಿ3ಎ0ಸಿ2ಬಿ3 ಇರುವ ಸಾಲುಗಳನ್ನು ಮಾತ್ರ ಆರಿಸಿ ತಿದ್ದಿ. ಪಿಜಿಲೋಡರ್‌ನಲ್ಲಿ 'ಡಿಕೋಡಿಂಗ್ ಟೇಬಲ್ ನೇಮ್ಸ್ ಮ್ಯಾಚಿಂಗ್' ಎಂಬ ಸೌಲಭ್ಯವೇನೋ ಇದೆ, ಆದರೆ ಅದು ಇಡೀ ಟೇಬಲಿಗೆ ಅನ್ವಯ. ಬೆರಕೆ ಟೇಬಲಿಗೆ ಉಪಯೋಗವಿಲ್ಲ. ಮೂಲದ ನಕಲಿನಲ್ಲೇ ತಿದ್ದಿ ಸಾಗಿಸುವುದು ಮೇಲು.

ನುಡಿ, ಬರಹದ ಹಳೆಯ ಫಾಂಟ್ ಸಂಕೇತದಲ್ಲಿ ಇರುವ ಪಠ್ಯ ಸಾಗಣೆಯ ಮಟ್ಟಿಗೆ ತೊಂದರೆ ಕೊಡುವುದಿಲ್ಲ, ಇದ್ದಂತೆ ಹೋಗುತ್ತದೆ. ಅದನ್ನು ಯುನಿಕೋಡ್ ಮಾಡುವ ಕೆಲಸವನ್ನು ಇದರೊಟ್ಟಿಗೆ ಬೆರೆಸಬೇಡಿ, ಯಾವ ತಪ್ಪು ಯಾವ ಹೆಜ್ಜೆಯದೆಂದು ತಿಳಿಯದಂತಾಗುತ್ತದೆ. ಸಾಗಿಸಿದ ಮೇಲೆ ಹೆಸರುಗಳ ಪಟ್ಟಿ ಕನ್ನಡ ಅಕ್ಷರಕ್ರಮದಲ್ಲಿ ಬೇಕಿದ್ದರೆ, ಐಸಿಯು ಎಂಬ ಯುನಿಕೋಡ್ ಲೈಬ್ರರಿ ಸೇರಿಸಿ ಕಟ್ಟಿದ ಪೋಸ್ಟ್‌ಗ್ರೆಸ್‌ನಲ್ಲಿ ಕೆಎನ್-ಎಕ್ಸ್-ಐಸಿಯು ಎಂಬ ಕೊಲೇಶನ್ ಸಿದ್ಧವಾಗಿಯೇ ಇರುತ್ತದೆ.

ಮೆಮೊರಿ, ವೇಗ, ಲಾಗ್

'ಹೀಪ್ ಎಕ್ಸಾಸ್ಟೆಡ್' ಎಂದು ಪಿಜಿಲೋಡರ್ ಸತ್ತರೆ ಕಾರಣ ಸಾಮಾನ್ಯವಾಗಿ ಒಂದೆರಡು ಟೇಬಲ್‌ಗಳಲ್ಲಿರುವ ಫೋಟೊ, ಪಿಡಿಎಫ್ ಬ್ಲಾಬ್‌ಗಳು. ಪ್ರಿಫೆಚ್ ರೋಸ್, ಅಂದರೆ ಮೆಮೊರಿಗೆ ಮುಂಚಿತವಾಗಿ ಓದಿಕೊಳ್ಳುವ ಸಾಲುಗಳು, ಡೀಫಾಲ್ಟ್ 1,00,000. ಸಾಲೊಂದಕ್ಕೆ 200 ಕೆಬಿ ಇದ್ದರೆ ಅದು 20 ಜಿಬಿ ಆಗುತ್ತದೆ, ಯಾವ ಲಿಸ್ಪ್ ಹೀಪಿನಲ್ಲೂ ಅಷ್ಟು ಜಾಗವಿರುವುದಿಲ್ಲ. ಅಂಥ ಟೇಬಲ್‌ಗಳನ್ನು ಮುಖ್ಯ ಫೈಲಿನಿಂದ ಹೊರಗಿಟ್ಟು, ಅವಕ್ಕೆಂದೇ ಎರಡನೆಯ ಲೋಡ್ ಫೈಲ್ ಮಾಡಿ, ಪ್ರಿಫೆಚ್ 1,000ಕ್ಕೆ ಇಳಿಸಿ. ಬ್ಯಾಚ್ ರೋಸ್ (ಡೀಫಾಲ್ಟ್ 25,000) ಮತ್ತು ಬ್ಯಾಚ್ ಸೈಜ್ (20 ಎಂಬಿ) ಇಳಿಸುವುದೂ ನೆರವಾಗುತ್ತದೆ. ಇದೂ ಸಾಲದಿದ್ದರೆ ಸೋರ್ಸ್‌ನಿಂದ ಬಿಲ್ಡ್ ಮಾಡುವಾಗ ಡಿನ್‌ಸೈಜ್ (ಲಿಸ್ಪ್ ಹೀಪಿನ ಗಾತ್ರ) ಹೆಚ್ಚಿಸಿಕೊಳ್ಳಬಹುದು.

ದೊಡ್ಡ ಟೇಬಲ್ ಓದುವಾಗ ಕನೆಕ್ಷನ್ ಮಧ್ಯದಲ್ಲಿ ಕಡಿದರೆ ಮೈಎಸ್‌ಕ್ಯೂಎಲ್‌ನ ನೆಟ್ ರೈಟ್ ಟೈಮ್‌ಔಟ್ ನೋಡಿ. ಡೀಫಾಲ್ಟ್ 60 ಸೆಕೆಂಡ್. ಪೋಸ್ಟ್‌ಗ್ರೆಸ್ ಬದಿ ನಿಧಾನವಾದರೆ ಮೈಎಸ್‌ಕ್ಯೂಎಲ್ ಕಾದು ಕಾದು ಕೈಬಿಡುತ್ತದೆ. 'ಸೆಟ್ ಮೈಎಸ್‌ಕ್ಯೂಎಲ್' ಭಾಗದಲ್ಲೇ ಹೆಚ್ಚಿಸಬಹುದು. ಇಂಡೆಕ್ಸ್ ಕಟ್ಟುವಾಗ ಪಿಜಿಲೋಡರ್ ಒಂದು ಟೇಬಲಿನ ಇಂಡೆಕ್ಸ್‌ಗಳನ್ನು ಒಟ್ಟಿಗೇ ಶುರು ಮಾಡುತ್ತದೆ. ಮೇಂಟೆನೆನ್ಸ್ ವರ್ಕ್ ಮೆಮ್ (ಇಂಡೆಕ್ಸ್ ಕಟ್ಟಲು ಪೋಸ್ಟ್‌ಗ್ರೆಸ್ ಬಳಸುವ ಮೆಮೊರಿಯ ಮಿತಿ) 1 ಜಿಬಿ ಕೊಟ್ಟು ಟೇಬಲಿಗೆ 8 ಇಂಡೆಕ್ಸ್ ಇದ್ದರೆ 8 ಜಿಬಿವರೆಗೂ ಹೋಗಬಹುದು ಎಂದು ಲೆಕ್ಕ ಹಾಕಿಯೇ ಆ ಅಂಕಿ ಬರೆಯಿರಿ.

ತಾಲೀಮಿನ ಓಟದಲ್ಲಿ 'ಆನ್ ಎರರ್ ರೆಸ್ಯೂಮ್ ನೆಕ್ಸ್ಟ್' ಇರಲಿ, ಎಲ್ಲ ತಪ್ಪುಗಳೂ ಒಮ್ಮೆಗೇ ಸಿಗುತ್ತವೆ: ಬೇಡವೆಂದು ತಳ್ಳಿದ ಸಾಲುಗಳು ಟೆಂಪ್ ಡೈರೆಕ್ಟರಿಯ ಪಿಜಿಲೋಡರ್ ಫೋಲ್ಡರಿನಲ್ಲಿ ಒಂದು ಡೇಟಾ ಫೈಲಾಗಿಯೂ, ಕಾರಣಗಳು ಪಕ್ಕದ ಲಾಗ್ ಫೈಲಾಗಿಯೂ ಬೀಳುತ್ತವೆ. ಅಂತಿಮ ಓಟಕ್ಕೆ 'ಆನ್ ಎರರ್ ಸ್ಟಾಪ್'. ಕೊನೆಯಲ್ಲಿ ಬರುವ ಪಟ್ಟಿಯಲ್ಲಿ ಎರರ್ ಕಾಲಂ ಮಾತ್ರವಲ್ಲ, ಕೆಳಗಿನ 'ಕ್ರಿಯೇಟ್ ಫಾರಿನ್ ಕೀಸ್' ಸಾಲನ್ನೂ ಓದಿ. ಫಾರಿನ್ ಕೀ ತಪಾಸಣೆ ಆಫ್ ಮಾಡಿ ಇಂಪೋರ್ಟ್ ಮಾಡಿದ್ದ ಮೈಎಸ್‌ಕ್ಯೂಎಲ್‌ನಲ್ಲಿ ತಾಯಿಯಿಲ್ಲದ ಸಾಲುಗಳು (ಫಾರಿನ್ ಕೀ ತೋರಿಸುವ ಸಾಲೇ ಇಲ್ಲದವು) ಇರುತ್ತವೆ. ಡೇಟಾ ಪೂರ್ತಿ ಬರುತ್ತದೆ, ಆ ಒಂದು ಕೀ ಮಾತ್ರ ಕಟ್ಟಲಾಗದೆ ಉಳಿದುಬಿಡುತ್ತದೆ.

ವ್ಯೂ, ಸ್ಟೋರ್ಡ್ ಪ್ರೊಸೀಜರ್, ಟ್ರಿಗರ್, ಈವೆಂಟ್, ಯೂಸರ್ ಅನುಮತಿ ಯಾವುದೂ ಬರುವುದಿಲ್ಲ, ಕೈಯಲ್ಲೇ ಬರೆಯಬೇಕು. 'ಆನ್ ಅಪ್‌ಡೇಟ್ ಕರೆಂಟ್ ಟೈಮ್‌ಸ್ಟ್ಯಾಂಪ್' ಇದ್ದ ಕಾಲಂಗಳಿಗೆ ಮಾತ್ರ ಪಿಜಿಲೋಡರ್ ತಾನೇ ಟ್ರಿಗರ್ ಮಾಡಿಕೊಡುತ್ತದೆ.

ತಾಳೆ ನೋಡುವುದು, ಬದಲಾಯಿಸುವುದು

ಸಾಲುಗಳ ಎಣಿಕೆಗೆ ಮೈಎಸ್‌ಕ್ಯೂಎಲ್‌ನ ಇನ್ಫರ್ಮೇಶನ್ ಸ್ಕೀಮಾದ ಅಂಕಿ ನಂಬಬೇಡಿ, ಅದರ ಡೀಫಾಲ್ಟ್ ಸ್ಟೋರೇಜ್ ಎಂಜಿನ್ ಆದ ಇನ್ನೋಡಿಬಿಯಲ್ಲಿ ಅದು ಅಂದಾಜು. ಎರಡೂ ಕಡೆ ಕೌಂಟ್ ಓಡಿಸಿ. ಜೊತೆಗೆ ಹಣದ ಕಾಲಂಗಳ ಮೊತ್ತ, ತಾರೀಕುಗಳ ಕನಿಷ್ಠ-ಗರಿಷ್ಠ, ಪ್ರತಿ ಕಾಲಮ್ಮಿನ ನಲ್ ಎಣಿಕೆ, ಸ್ಟೇಟಸ್ ಕಾಲಂಗಳಿಗೆ ಗ್ರೂಪ್ ಬೈ. ಪಠ್ಯದ ಕಾಲಂಗಳಿಗೆ ಚಾರ್ ಲೆಂಗ್ತ್‌ಗಳ ಒಟ್ಟು ಮೊತ್ತ ಬಹಳ ಒಳ್ಳೆಯ ಪರೀಕ್ಷೆ: ಎರಡೂ ಡೇಟಾಬೇಸ್‌ಗಳು ಯುನಿಕೋಡ್ ಸಂಕೇತಗಳನ್ನೇ ಎಣಿಸುತ್ತವೆ, ಎನ್‌ಕೋಡಿಂಗ್ ದಾರಿಯಲ್ಲಿ ಕೆಟ್ಟಿದ್ದರೆ ಮೊತ್ತ ಬೇರೆಯಾಗುತ್ತದೆ. ಮೂಲದಲ್ಲೇ ಕೆಟ್ಟದ್ದನ್ನು ಇದು ಹಿಡಿಯುವುದಿಲ್ಲ. ಅದಕ್ಕೆ ಮೇಲಿನ ಹೆಕ್ಸ್ ಪರೀಕ್ಷೆಯೇ ಬೇಕು.

ಪಿಜಿಲೋಡರ್ ಒಂದು ಸಲ ಸುರಿದು ಮುಗಿಸುವ ಸಾಧನ. ಲೋಡ್ ನಡೆಯುವಾಗ ಮೂಲಕ್ಕೆ ಬಂದ ಹೊಸ ಸಾಲುಗಳನ್ನು ಹಿಂಬಾಲಿಸುವುದಿಲ್ಲ. ಆದ್ದರಿಂದ ಅಂತಿಮ ದಿನ ಆ್ಯಪ್ ನಿಲ್ಲಿಸಿ, ಮೈಎಸ್‌ಕ್ಯೂಎಲ್‌ನಲ್ಲಿ ಸೂಪರ್ ರೀಡ್ ಓನ್ಲಿ ಆನ್ ಮಾಡಿ, ಆಮೇಲೆ ಲೋಡ್. ಸಾಗಣೆಯ ಯೂಸರನ್ನು ಅದಕ್ಕೂ ಮೊದಲೇ ಮಾಡಿಟ್ಟಿರಿ, ರೀಡ್ ಓನ್ಲಿ ಆದ ಮೇಲೆ ಹೊಸ ಯೂಸರ್ ಮಾಡಲಾಗದು. ಎಷ್ಟು ಹೊತ್ತು ಬೇಕೆಂಬುದು ತಾಲೀಮಿನ ವರದಿಯಲ್ಲೇ ಇರುತ್ತದೆ. ಅದಕ್ಕೆ ತಾಳೆ ನೋಡುವ ಹೊತ್ತನ್ನೂ ಸೇರಿಸಿ ಬಳಕೆದಾರರಿಗೆ ತಿಳಿಸಿ. ಮರಳಿ ಹೋಗಬೇಕಾದರೆ ಯಾವ ಗಳಿಗೆವರೆಗೆ ಸಾಧ್ಯ ಎಂಬುದನ್ನೂ ಅವತ್ತಿಗೆ ಮೊದಲೇ ನಿಗದಿ ಮಾಡಿ: ಪೋಸ್ಟ್‌ಗ್ರೆಸ್‌ನಲ್ಲಿ ಮೊದಲ ನಿಜವಾದ ಆರ್ಡರ್ ದಾಖಲಾದ ಮೇಲೆ ಅದನ್ನು ಮೈಎಸ್‌ಕ್ಯೂಎಲ್‌ಗೆ ಒಯ್ಯಲು ಬೇರೆ ಸ್ಕ್ರಿಪ್ಟ್ ಬೇಕು, ಪಿಜಿಲೋಡರ್ ಬರೆಯುವುದು ಪೋಸ್ಟ್‌ಗ್ರೆಸ್‌ಗೆ ಮಾತ್ರ.